ನಮ್ಮನ್ನು ನೋಡಿದ್ದನ್ನು ಆಮೇಲಾದರೂ ನಮಗೆ ಹೇಳಿ: ಸಂಸದರಿಗೂ ಆರು ಶಾಸಕರಿಗೂ ಒಂದು ಪತ್ರ

ಮಾನ್ಯ ಸಂಸದರಿಗೆ ಮತ್ತು ಉತ್ತರ ಕನ್ನಡದ ಆರೂ ಶಾಸಕರಿಗೆ,

ನಮಸ್ಕಾರ. ಸರ್ಕಾರ ನಮಗೆ ಹೇಳದೆ ನಮ್ಮ ಫೋನು, ಬರಹ ನೋಡುವ ವಿಷಯಕ್ಕೆ ಈ ಪತ್ರ. ನಾನು ಕುಮಟಾದಲ್ಲಿ ಝೆರಾಕ್ಸ್ ಅಂಗಡಿ ನಡೆಸುವವಳು. ನಿಮ್ಮಲ್ಲಿ ಯಾವ ಪಕ್ಷಕ್ಕೂ ನಾನು ಸೇರಿದವಳಲ್ಲ. ಚುನಾವಣೆ ಬಂದರೆ ಎಲ್ಲಾ ಪಕ್ಷದವರ ಕಾಗದವೂ ನನ್ನ ಅಂಗಡಿಗೇ ಬರುತ್ತದೆ, ಎಲ್ಲರಿಗೂ ಒಂದೇ ರೇಟು. ಹಾಗಾಗಿ ಈ ಪತ್ರವನ್ನು ಯಾರೋ ಹೇಳಿ ಬರೆಸಿದ್ದು ಎಂದು ದಯವಿಟ್ಟು ಪಕ್ಕಕ್ಕೆ ಇಡಬೇಡಿ. ಎಂಟು ವರ್ಷಕ್ಕೂ ಜಾಸ್ತಿ ಕಾಲ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಒಂದು ವಿಷಯ ಇದೆ, ಅದರಿಂದಲೇ ಶುರು ಮಾಡುತ್ತೇನೆ.

ನಮ್ಮದು ಮೊದಲು ಸೈಬರ್ ಆಗಿತ್ತು. ಐದು ಕಂಪ್ಯೂಟರ್ ಇದ್ದವು. 2011ರಲ್ಲಿ ಸೈಬರ್ ಅಂಗಡಿಗಳಿಗೆ ಅಂತಲೇ ಕೇಂದ್ರ ಸರ್ಕಾರದ ನಿಯಮ ಬಂತು. ಬಂದವರ ಗುರುತಿನ ಚೀಟಿ ನೋಡಬೇಕು. ಹೆಸರು, ವಿಳಾಸ, ಯಾವ ಕಂಪ್ಯೂಟರಿಗೆ ಕೂತರು, ಎಷ್ಟು ಹೊತ್ತಿಗೆ ಕೂತರು, ಎಷ್ಟು ಹೊತ್ತಿಗೆ ಎದ್ದರು, ಎಲ್ಲಾ ಪುಸ್ತಕದಲ್ಲಿ ಬರೆದು ಕನಿಷ್ಠ 1 ವರ್ಷ ಇಡಬೇಕು. ಕಂಪ್ಯೂಟರುಗಳ ನಡುವಿನ ಅಡ್ಡಗೋಡೆ ನಾಲ್ಕೂವರೆ ಅಡಿಗಿಂತ ಎತ್ತರ ಇರಬಾರದು ಅಂತಲೂ ಇತ್ತು. ನಮ್ಮ ಪ್ಲೈವುಡ್ಡು ಐದು ಅಡಿ ಇತ್ತು. ನಮ್ಮ ಯಜಮಾನರು ಬಡಗಿಯನ್ನು ಕರೆಸಿ ಅರ್ಧ ಅಡಿ ಕೊಯ್ಯಿಸಿದರು. ಕಾನೂನು ಅಂದರೆ ಕಾನೂನು, ನಾವು ಒಂದು ದಿನವೂ ತಪ್ಪಿಸಲಿಲ್ಲ.

2017ರ ಮಳೆಗಾಲ. ಕಡಲ ದಂಡೆಯ ಒಂದು ಊರಿನ ಹುಡುಗ, ಮೀನುಗಾರರ ಮನೆಯವನು, ಅಂಗಡಿಗೆ ಬಂದು ಎರಡು ಪುಟ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಪ್ರಿಂಟ್ ತೆಗೆದುಕೊಂಡು ಹೋದ. ಅವರ ಊರಿನಲ್ಲಿ ದೋಣಿ ನಿಲ್ಲಿಸುವ ಧಕ್ಕೆಯ ಕಾಮಗಾರಿ ಸರಿ ಇಲ್ಲ, ಹಾಕಿದ ವರ್ಷವೇ ಕಾಂಕ್ರೀಟು ಎದ್ದು ಬರುತ್ತಿದೆ ಎನ್ನುವ ದೂರು. ಕೆಳಗೆ ಹೆಸರು ಹಾಕಿರಲಿಲ್ಲ, "ಊರ ನಾಗರಿಕರು" ಎಂದಷ್ಟೇ ಇತ್ತು. ಹತ್ತು ದಿನ ಬಿಟ್ಟು ಒಬ್ಬರು ಬಂದರು. ಪ್ಯಾಂಟು ಶರ್ಟಿನಲ್ಲಿದ್ದರು. ಒಂದು ಕಚೇರಿಯ ಹೆಸರು ಹೇಳಿದರು, ಗುರುತಿನ ಚೀಟಿ ತೋರಿಸಲಿಲ್ಲ, ಕಾಗದ ಏನೂ ತಂದಿರಲಿಲ್ಲ. ಆ ದೂರಿನ ಪ್ರತಿ ಕೈಯಲ್ಲಿತ್ತು. "ಇದು ನಿಮ್ಮಲ್ಲೇ ಆಗಿದ್ದಲ್ವಾ, ಪುಸ್ತಕ ಕೊಡಿ ನೋಡುವಾ" ಅಂದರು. ಕುಮಟಾದಂಥ ಪೇಟೆಯಲ್ಲಿ ಒಂದು ಕಾಗದ ಯಾವ ಅಂಗಡಿಯಲ್ಲಿ ಟೈಪ್ ಆಗಿದೆ ಎಂದು ಪತ್ತೆ ಮಾಡುವುದು ದೊಡ್ಡ ಕೆಲಸವೇನಲ್ಲ.

ನಾನು ಪುಸ್ತಕ ಕೊಟ್ಟೆ. ಹೆದರಿ ಕೊಟ್ಟೆ ಅಂದರೂ ಸರಿ. ಆದರೆ ನಿಜ ಹೇಳಬೇಕೆಂದರೆ ಕೊಡಬಾರದು ಎನ್ನುವ ಯೋಚನೆಯೇ ಆಗ ಬರಲಿಲ್ಲ. ಅವರು ಪುಟ ತಿರುಗಿಸಿದರು, ಒಂದು ಪುಟದ ಫೋಟೋ ತೆಗೆದರು, ಹೋದರು.

ಒಂದು ವಾರದ ಮೇಲೆ ಹುಡುಗನ ಅಪ್ಪ ಬಂದಿದ್ದರು. ಅಂಗಡಿಯ ಮೆಟ್ಟಿಲ ಮೇಲೆ ಕೊಡೆ ಮಡಚುತ್ತಾ ಕೇಳಿದರು: "ತಂಗಿ, ನಮ್ಮ ಹುಡುಗನೇ ಬರೆದದ್ದು ಅಂತ ಅವರಿಗೆ ಹೆಂಗೆ ಗೊತ್ತಾಯ್ತು?" ನನಗೆ ಗೊತ್ತಿಲ್ಲ ಅಂದೆ. ಆ ವರ್ಷವಿಡೀ ಅವರ ದೋಣಿಯ ಕಾಗದ ಒಂದಲ್ಲ ಒಂದು ಕಾರಣಕ್ಕೆ ವಾಪಸ್ ಬರುತ್ತಿತ್ತು. ಫೋಟೋ ಸರಿ ಇಲ್ಲ, ಸಹಿ ಹೊಂದುವುದಿಲ್ಲ, ಇನ್ನೊಂದು ಪ್ರತಿ ಬೇಕು. ಅದನ್ನೂ ನಾನೇ ಝೆರಾಕ್ಸ್ ಮಾಡಿಕೊಟ್ಟೆ. ಆ ದೂರಿಗೂ ಈ ಕಾಗದಕ್ಕೂ ಸಂಬಂಧ ಇತ್ತು ಅಂತ ನನ್ನ ಹತ್ತಿರ ಸಾಕ್ಷಿ ಇಲ್ಲ. ಅವರ ಹತ್ತಿರವಂತೂ ಇರಲು ಸಾಧ್ಯವೇ ಇಲ್ಲ, ಯಾಕೆಂದರೆ ಯಾರೋ ಬಂದು ಪುಸ್ತಕ ನೋಡಿ ಹೋದರು ಎನ್ನುವುದೇ ಅವರಿಗೆ ಗೊತ್ತಿರಲಿಲ್ಲ.

ನನ್ನ ಪತ್ರದ ವಿಷಯ ಇಷ್ಟೇ. ನೋಡಿಸಿಕೊಂಡವನಿಗೆ ತನ್ನನ್ನು ನೋಡಿದ್ದಾರೆ ಅಂತ ಯಾವತ್ತೂ ಗೊತ್ತಾಗುವುದಿಲ್ಲ. ಗೊತ್ತಾಗದವನು ದೂರು ಕೊಡುವುದು ಹೇಗೆ? ದೂರೇ ಇಲ್ಲದಿದ್ದರೆ ತಪ್ಪು ಮಾಡಿದವರನ್ನು ಹಿಡಿಯುವುದು ಹೇಗೆ?

ಆಮೇಲೆ ನಾನು ಇದನ್ನೆಲ್ಲ ಓದಲು ಶುರು ಮಾಡಿದೆ. ಅಂಗಡಿಯಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗಿರಾಕಿ ಕಡಿಮೆ. ನನ್ನದು ಒಂದು ಪುಸ್ತಕ, ಒಂದು ಪುಟ. ಸರ್ಕಾರದ ಕೈಯಲ್ಲಿ ಇರುವುದು ಇಡೀ ದೇಶದ ಫೋನು. ಆದರೆ ನಡೆಯುವ ರೀತಿ ನನ್ನ ಅಂಗಡಿಯಲ್ಲಿ ನಡೆದದ್ದಕ್ಕಿಂತ ತುಂಬಾ ಬೇರೆ ಇಲ್ಲ ಎಂದು ಓದುತ್ತಾ ಓದುತ್ತಾ ಗೊತ್ತಾಯಿತು.

ಬ್ರಿಟಿಷರು 1885ರಲ್ಲಿ ಟೆಲಿಗ್ರಾಫ್ ಕಾಯ್ದೆ ಮಾಡಿದರು. ತುರ್ತು ಪರಿಸ್ಥಿತಿ ಇದೆ, ಜನರ ಸುರಕ್ಷತೆಗೆ ಬೇಕು ಎಂದಾದರೆ ಸಂದೇಶವನ್ನು ತಡೆದು ಓದಬಹುದು ಎಂದು ಅದರಲ್ಲಿ ಬರೆದುಕೊಂಡರು. 1930ರಲ್ಲಿ ಅಂಕೋಲೆಯಲ್ಲಿ ನಮ್ಮ ಹಿರಿಯರು ಉಪ್ಪು ಮಾಡಿ ಜೈಲಿಗೆ ಹೋದರು, ಉಪ್ಪಿನ ಕಾನೂನು ಬ್ರಿಟಿಷರ ಜೊತೆಗೇ ಹೋಯಿತು. ಟೆಲಿಗ್ರಾಫ್ ಕಾನೂನು ಮಾತ್ರ ಉಳಿಯಿತು. 2023ರ ಡಿಸೆಂಬರಿನಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂದಾಗಲೂ ಆ ಅಧಿಕಾರ ಹೆಚ್ಚುಕಡಿಮೆ ಹಾಗೆಯೇ ಬಂದು ಕೂತಿತು. 1996ರಲ್ಲಿ ಸುಪ್ರೀಂ ಕೋರ್ಟು ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯ ಪ್ರಕರಣದಲ್ಲಿ ಒಂದಿಷ್ಟು ಬೇಲಿ ಹಾಕಿತ್ತು: ಗೃಹ ಕಾರ್ಯದರ್ಶಿಯೇ ಆದೇಶ ಕೊಡಬೇಕು, ಆದೇಶ ಎರಡು ತಿಂಗಳಿಗೆ, ಮುಂದುವರಿಸಿದರೂ ಒಟ್ಟು ಆರು ತಿಂಗಳು ದಾಟಬಾರದು, ಒಂದು ಸಮಿತಿ ಮರುಪರಿಶೀಲನೆ ಮಾಡಬೇಕು. ಒಳ್ಳೆಯದೇ. ಆದರೆ ಆದೇಶ ಕೊಡುವವರು ಸರ್ಕಾರಿ ಅಧಿಕಾರಿ, ಮರುಪರಿಶೀಲನೆ ಮಾಡುವವರೂ ಸರ್ಕಾರದ ಕಾರ್ಯದರ್ಶಿಗಳೇ. ನಡುವೆ ಎಲ್ಲಿಯೂ ಒಬ್ಬ ನ್ಯಾಯಾಧೀಶರಿಲ್ಲ.

ಲೆಕ್ಕ ಕೇಳಿ. ಕೇಂದ್ರ ಸರ್ಕಾರ ಒಂದರಿಂದಲೇ ತಿಂಗಳಿಗೆ 7,500ರಿಂದ 9,000 ಕದ್ದಾಲಿಕೆ ಆದೇಶ ಹೊರಡುತ್ತವೆ ಎಂದು ಹಿಂದೆ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರ ಬಂದಿತ್ತು. ಮರುಪರಿಶೀಲನಾ ಸಮಿತಿ ಸೇರುವುದು ಎರಡು ತಿಂಗಳಿಗೊಮ್ಮೆ. ಅಂದರೆ ಒಂದೊಂದು ಸಭೆಯ ಮುಂದೆ 15,000ದಿಂದ 18,000 ಆದೇಶ. ಇದು ಆಗದ ಕೆಲಸ ಅಂತ ಸರ್ಕಾರವೇ ನೇಮಿಸಿದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರ ತನ್ನ ವರದಿಯಲ್ಲಿ ಬರೆದಿದೆ. ಒಂದು ಆದೇಶಕ್ಕೆ ಒಂದು ನಿಮಿಷ ಕೊಟ್ಟರೂ 18,000ಕ್ಕೆ 300 ಗಂಟೆ ಬೇಕು. ನಾನು ದಿನಕ್ಕೆ ನಲವತ್ತು ಅರ್ಜಿ ತುಂಬಿದರೆ ಸಂಜೆ ಹೊತ್ತಿಗೆ ಯಾರ ಹೆಸರು ಬರೆಯುತ್ತಿದ್ದೇನೆ ಅಂತಲೇ ತಲೆಗೆ ಹೋಗುವುದಿಲ್ಲ. ಅವರೂ ಮನುಷ್ಯರೇ ಅಲ್ವಾ.

ಮತ್ತೆ, ಆರು ತಿಂಗಳಿಗೊಮ್ಮೆ ಆ ದಾಖಲೆಗಳನ್ನು ನಾಶ ಮಾಡಬೇಕು ಎಂದೂ ನಿಯಮ ಇದೆ. ನಮ್ಮ ಖಾಸಗಿ ಮಾತು ಸರ್ಕಾರದ ಕಪಾಟಿನಲ್ಲಿ ವರ್ಷಗಟ್ಟಲೆ ಇರಬಾರದು ಎನ್ನುವುದಕ್ಕೆ ಇದು ಒಳ್ಳೆಯ ನಿಯಮ ಅಂತ ಮೊದಲು ನನಗೂ ಅನಿಸಿತು. ಆಮೇಲೆ ಯೋಚನೆ ಮಾಡಿದೆ. ಮಾತಿನ ಜೊತೆ ಆದೇಶವೂ ಹೋಗುತ್ತದೆ. ಯಾರು ಕೇಳಿದರು, ಯಾಕೆ ಕೇಳಿದರು, ಯಾರು ಸಹಿ ಹಾಕಿದರು, ಎಲ್ಲವೂ ಹೋಗುತ್ತದೆ. ನನ್ನ ಪುಸ್ತಕ ನಾನು 1 ವರ್ಷ ಇಡಬೇಕು, ಇಲ್ಲದಿದ್ದರೆ ನನ್ನ ಮೇಲೆ ಕ್ರಮ. ನನ್ನನ್ನು ಕದ್ದು ಕೇಳಿದ ಕಾಗದ ಮಾತ್ರ ಅದರ ಅರ್ಧ ಕಾಲ.

ಕದ್ದಾಲಿಕೆಯ ವಿಷಯ ನಮ್ಮ ಜಿಲ್ಲೆಗೆ ಹೊಸದಲ್ಲ. ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು 1988ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ಕುರ್ಚಿ ಬಿಟ್ಟದ್ದು ಫೋನ್ ಕದ್ದಾಲಿಕೆಯ ಆರೋಪ ಬಂದಾಗಲೇ. ನನ್ನ ತವರು ಸಿದ್ದಾಪುರ ಕಡೆಯೇ. ಆ ದಿನ ಅಜ್ಜ ರೇಡಿಯೋ ಮುಂದೆ ಮಾತಿಲ್ಲದೆ ಕೂತಿದ್ದರು ಎಂದು ಅಮ್ಮ ಈಗಲೂ ಹೇಳುತ್ತಾರೆ. ಹೆಗಡೆಯವರ ಬಗ್ಗೆ ನಮ್ಮ ಕಡೆ ಇರುವ ಗೌರವ ಕಡಿಮೆ ಆಗಬೇಕೆಂದು ನಾನು ಇದನ್ನು ಬರೆಯುತ್ತಿಲ್ಲ. ನೈತಿಕ ಹೊಣೆ ಎಂದು ಅಧಿಕಾರ ಬಿಟ್ಟು ಇಳಿದವರು ಅವರು. ನನಗೆ ಕಾಡುವುದು ಏನೆಂದರೆ, ಅಷ್ಟು ದೊಡ್ಡವರ ಕಾಲದಲ್ಲೂ ಇದು ಆಗಬಹುದು ಎಂದಾದರೆ, ಯಾರ ಕಾಲದಲ್ಲೂ ಆಗಬಹುದು. 2019ರಲ್ಲಿ ಬೆಂಗಳೂರಿನಲ್ಲಿ ಮತ್ತೆ ಅದೇ ಆರೋಪ ಬಂತು, ತನಿಖೆ ಸಿಬಿಐಗೆ ಹೋಯಿತು. 2021ರಲ್ಲಿ ಪೆಗಾಸಸ್ ಎಂಬ, ಗೊತ್ತಾಗದ ಹಾಗೆ ಫೋನಿಗೆ ನುಗ್ಗುವ ಬೇಹುಗಾರಿಕೆ ಸಾಫ್ಟ್‌ವೇರಿನ ಸುದ್ದಿ ಬಂತು. ಸುಪ್ರೀಂ ಕೋರ್ಟು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ತಜ್ಞರ ಸಮಿತಿ ಮಾಡಿತು. ನೋಡಿದ 29 ಫೋನುಗಳಲ್ಲಿ 5ರಲ್ಲಿ ಕೆಟ್ಟ ಸಾಫ್ಟ್‌ವೇರ್ ಸಿಕ್ಕಿತು, ಅದು ಪೆಗಾಸಸ್ಸೇ ಎಂದು ಖಚಿತವಾಗಿ ಹೇಳಲು ಆಗಲಿಲ್ಲ, ಮತ್ತು ಕೇಂದ್ರ ಸರ್ಕಾರ ಸಹಕಾರ ಕೊಡಲಿಲ್ಲ ಎಂದು ಸಮಿತಿ ಹೇಳಿದ್ದು 2022ರ ಆಗಸ್ಟಿನಲ್ಲಿ ಕೋರ್ಟಿನಲ್ಲೇ ಹೊರಬಂತು. ಸುಪ್ರೀಂ ಕೋರ್ಟಿನ ಸಮಿತಿಗೇ ಉತ್ತರ ಸಿಗದ ಮೇಲೆ ಧಕ್ಕೆಯ ಊರಿನ ಹುಡುಗನಿಗೆ ಯಾರು ಉತ್ತರ ಕೊಡುತ್ತಾರೆ ಹೇಳಿ.

ನೀವು ಹೇಳಬಹುದು, ನಮ್ಮ ಜಿಲ್ಲೆ ಬೇರೆ, ಇಲ್ಲಿ ಕಾವಲು ಬೇಕು ಎಂದು. ಒಪ್ಪುತ್ತೇನೆ, ಮನಸಾರೆ ಒಪ್ಪುತ್ತೇನೆ. ಕಾರವಾರದಲ್ಲಿ ಸೀಬರ್ಡ್ ನೌಕಾನೆಲೆ ಇದೆ, ಕೈಗಾದಲ್ಲಿ ಅಣುಸ್ಥಾವರ ಇದೆ. ನೌಕಾನೆಲೆಯ ಮಾಹಿತಿ ಹೊರಗೆ ಕೊಟ್ಟ ಆರೋಪದಲ್ಲಿ 2025ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯಲ್ಲೇ ಬಂಧನ ಆಯಿತು. ಮುಂಬೈ ದಾಳಿಯವರು ಸಮುದ್ರದ ಮೇಲೆಯೇ ಬಂದವರು. ಸಾಗರ ಕವಚ ಎಂಬ ಕರಾವಳಿ ಕಾವಲಿನ ಅಣಕು ಕಾರ್ಯಾಚರಣೆಯ ದಿನ ಪೊಲೀಸರು ಚೀಲ ತೆರೆದು ನೋಡಿದರೆ ಇಲ್ಲಿ ಯಾರೂ ಗೊಣಗುವುದಿಲ್ಲ. ದೋಣಿಗಳಿಗೆ ಇಸ್ರೋ ಮಾಡಿದ ಟ್ರಾನ್ಸ್‌ಪಾಂಡರ್ ಬಂದಿದೆ, ದೇಶದಲ್ಲಿ ಒಟ್ಟು 1 ಲಕ್ಷ ದೋಣಿಗೆ ಕೂರಿಸುವ ಯೋಜನೆ. ದೋಣಿ ಎಲ್ಲಿದೆ ಎಂದು ದಡಕ್ಕೆ ಗೊತ್ತಾಗುತ್ತದೆ, ತೂಫಾನಿನ ಎಚ್ಚರಿಕೆ ದೋಣಿಗೆ ಹೋಗುತ್ತದೆ, ಮುಳುಗುವ ಹೊತ್ತಿಗೆ ಒಂದು ಗುಂಡಿ ಒತ್ತಿದರೆ ಸುದ್ದಿ ಬರುತ್ತದೆ. ಗಂಡ ಮಕ್ಕಳು ಕಡಲಿಗೆ ಹೋದ ಮನೆಯ ಹೆಂಗಸರನ್ನು ಕೇಳಿ, ಬೇಡ ಎನ್ನುವವರು ಒಬ್ಬರೂ ಇಲ್ಲ. 2024ರ ಜುಲೈ 16ರಂದು ಶಿರೂರಿನ ಗುಡ್ಡ ಗಂಗಾವಳಿ ನದಿಗೆ ಕುಸಿದಾಗ, ಕಾಣೆಯಾದ ಲಾರಿಯ ಜಿಪಿಎಸ್ ಏನು ತೋರಿಸುತ್ತದೆ, ಚಾಲಕನ ಫೋನು ರಿಂಗ್ ಆಯಿತಾ ಎಂದು ನಾವೆಲ್ಲ ಉಸಿರು ಹಿಡಿದು ಕಾದವರು. ಹುಡುಕುವ ತಂತ್ರಜ್ಞಾನದ ಬೆಲೆ ನಮಗೆ ಗೊತ್ತು.

ಆದರೆ ಟ್ರಾನ್ಸ್‌ಪಾಂಡರ್ ದೋಣಿಯಲ್ಲಿ ಇದೆ ಅಂತ ದೋಣಿಯವನಿಗೆ ಗೊತ್ತು. ಯಾಕೆ ಇದೆ ಅಂತಲೂ ಗೊತ್ತು. ಕಣ್ಣೆದುರಿಗೆ ಇರುವ ಕಾವಲು ಅದು.

ಹೇಳದೆ ಇಡುವ ಕಾವಲು ಜನರನ್ನು ಏನು ಮಾಡುತ್ತದೆ ಎನ್ನುವುದು ನನಗೆ ಅಂಗಡಿಯಲ್ಲೇ ಕಾಣುತ್ತದೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ, ಅಂಕೋಲೆಯ ಕೇಣಿಯಲ್ಲಿ ಬಂದರು ಬೇಡ ಎಂದು ಮೀನುಗಾರರು ಎದ್ದು ನಿಂತಿದ್ದಾರೆ. ಘಟ್ಟದ ಮೇಲೆ ಬೇಡ್ತಿ-ವರದಾ ನದಿ ಜೋಡಣೆ ಬೇಡ ಎಂದು ಶಿರಸಿ, ಯಲ್ಲಾಪುರದವರು ಸಭೆ ಸೇರುತ್ತಾರೆ. ಬಂದರು ಬೇಕೋ ಬೇಡವೋ ಎನ್ನುವುದು ಬೇರೆ ಚರ್ಚೆ, ನನ್ನ ಮನೆಯಲ್ಲೇ ಎರಡು ಅಭಿಪ್ರಾಯ ಇದೆ. ಆದರೆ ಮನವಿ ಪ್ರಿಂಟ್ ಹಾಕಿಸಲು ಬಂದವರು ಫೋನಿನಲ್ಲಿ ಮಾತಾಡುವಾಗ "ಅದೆಲ್ಲ ಫೋನಲ್ಲಿ ಬೇಡ ಮಾರಾಯಾ, ಸಿಕ್ಕಿದಾಗ ಹೇಳ್ತೇನೆ" ಎನ್ನುವುದನ್ನು ವಾರಕ್ಕೆ ಎರಡು ಸಲವಾದರೂ ಕೇಳುತ್ತೇನೆ. ಅವರ ಫೋನನ್ನು ಯಾರಾದರೂ ಕೇಳುತ್ತಿದ್ದಾರಾ? ಬಹುಶಃ ಇಲ್ಲ. ಇಲ್ಲ ಅಂತ ಹೇಳುವವರು ಯಾರೂ ಇಲ್ಲವಲ್ಲ, ಹಾಗಾಗಿ ಹೆದರಿಕೆ ಹೋಗುವುದಿಲ್ಲ. ಕಾನೂನು ಪ್ರಕಾರ ಮನವಿ ಬರೆಯುವವರು ದನಿ ತಗ್ಗಿಸಿ ಮಾತಾಡುವ ಸ್ಥಿತಿ ನಿಮ್ಮ ಕ್ಷೇತ್ರದಲ್ಲಿ ಇದೆ ಎಂದು ನಿಮಗೆ ತಿಳಿಸುವುದು ನನ್ನ ಕರ್ತವ್ಯ.

ಇನ್ನು ಬರೆದ ಮಾತಿನ ವಿಷಯ. ಐಟಿ ಕಾಯ್ದೆಯ 66ಎ ನಿಮಗೆ ನೆನಪಿರಬಹುದು. ಯಾರಿಗಾದರೂ ಕಿರಿಕಿರಿ ಆಗುವಂಥದ್ದು ಬರೆದರೂ 3 ವರ್ಷ ಜೈಲು ಅನ್ನುವ ಸೆಕ್ಷನ್. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿತು. ತೆಗೆದು ಆರು ವರ್ಷ ಆದ ಮೇಲೂ ಪೊಲೀಸ್ ಠಾಣೆಗಳಲ್ಲಿ ಅದೇ ಸೆಕ್ಷನ್ ಹಾಕಿ ಕೇಸು ಬರೆಯುತ್ತಿದ್ದರು ಎಂದು ಗೊತ್ತಾಗಿ ಕೋರ್ಟೇ ದಂಗಾಯಿತು. ಅದನ್ನು ನಿಲ್ಲಿಸಿ ಎಂದು 2022ರಲ್ಲಿ ಮತ್ತೆ ಆದೇಶ ಕೊಡಬೇಕಾಯಿತು. ಸತ್ತ ಕಾನೂನಿನಲ್ಲೇ ಜನರನ್ನು ಹಿಡಿದವರ ಕೈಗೆ ಹೊಸ ಕಾನೂನು ಕೊಡುವ ಮೊದಲು ಎಷ್ಟು ಯೋಚನೆ ಮಾಡಬೇಕು! ಶಾಸಕರೇ, ಇದು ನಿಮಗೆ. 2025ರ ಜೂನಿನಲ್ಲಿ ನಮ್ಮ ರಾಜ್ಯದ್ದೇ ಸುಳ್ಳು ಸುದ್ದಿ ಮಸೂದೆಯ ಕರಡು ಹೊರಗೆ ಬಂತು. 7 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ಯಾವುದು ಸುಳ್ಳು ಎನ್ನುವುದರಲ್ಲಿ ಸರ್ಕಾರದ ಮಾತೇ ನಡೆಯುವ ಹಾಗೆ ಇತ್ತು. ಸುಳ್ಳು ಸುದ್ದಿಯಿಂದ ನಮ್ಮ ಕರಾವಳಿ ಪಟ್ಟ ಪಾಡು ನನಗೂ ಗೊತ್ತು. ಗಲಾಟೆ ಎಬ್ಬಿಸಿದವರನ್ನು ಹಿಡಿಯಲು ಈಗಿರುವ ಕಾನೂನು ಸಾಕು. ಧಕ್ಕೆ ಕಳಪೆ ಎಂದು ಬರೆದದ್ದು ಸುಳ್ಳೋ ನಿಜವೋ ಅಂತ ಧಕ್ಕೆ ಕಟ್ಟಿಸಿದವರೇ ತೀರ್ಮಾನ ಮಾಡುವುದು ಮಾತ್ರ ಬೇಡ.

ಅಂತರ್ಜಾಲದಲ್ಲಿ ಹಾಕಿದ ಬರಹವನ್ನು ತೆಗೆಸಲು ಕೇಂದ್ರ ಸರ್ಕಾರ 2024ರಲ್ಲಿ ಸಹಯೋಗ್ ಅನ್ನುವ ಪೋರ್ಟಲ್ ಶುರು ಮಾಡಿದೆ. ಬೇರೆ ಬೇರೆ ಇಲಾಖೆಯವರು ಅದರ ಮೂಲಕ ಕಂಪನಿಗಳಿಗೆ ನೇರವಾಗಿ ಇದನ್ನು ತೆಗೆಯಿರಿ ಎಂದು ಹೇಳಬಹುದು. ಎಕ್ಸ್ (ಮೊದಲಿನ ಟ್ವಿಟರ್) ಕಂಪನಿ ಅದರ ವಿರುದ್ಧ ಹಾಕಿದ ಅರ್ಜಿಯನ್ನು 2025ರ ಸೆಪ್ಟೆಂಬರಿನಲ್ಲಿ ನಮ್ಮ ಹೈಕೋರ್ಟು ವಜಾ ಮಾಡಿತು. ಕಂಪನಿಯ ಪರ ನಾನು ವಾದ ಮಾಡುವುದಿಲ್ಲ, ಅದಕ್ಕೆ ವಕೀಲರಿದ್ದಾರೆ. ಬರೆದವನಿಗೆ ನಿನ್ನ ಬರಹ ಇಂಥವರು ಇಂಥ ಕಾರಣಕ್ಕೆ ತೆಗೆಸಿದರು ಎಂದು ಹೇಳುವವರು ಯಾರು ಎನ್ನುವುದಷ್ಟೇ ನನ್ನ ಪ್ರಶ್ನೆ. ಅದೇ ಪ್ರಶ್ನೆ ಮತ್ತೆ.

ಮಾತಾಡಿದರೆ ಕೇಳುತ್ತಾರೆ ಎನ್ನುವುದಕ್ಕೂ ಉದಾಹರಣೆ ಇದೆ. 2025ರ ನವೆಂಬರ್ 28ರಂದು ಹೊಸ ಫೋನುಗಳಲ್ಲೆಲ್ಲ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಆ್ಯಪ್ ಮೊದಲೇ ಹಾಕಿ ಕೊಡಬೇಕು ಎಂದು ಆದೇಶ ಆಯಿತು. ಕಂಪನಿಗಳಿಗೆ ಹೋದ ಆದೇಶ ಅದು, ಜನರಿಗೆ ಗೊತ್ತಾದದ್ದು ಪತ್ರಿಕೆಯಲ್ಲಿ ಬಂದ ಮೇಲೆ. ಎಲ್ಲಾ ಕಡೆ ಜನ ಕೇಳಿದರು. ಡಿಸೆಂಬರ್ 3ಕ್ಕೆ ಕಡ್ಡಾಯ ಹಿಂದಕ್ಕೆ ಹೋಯಿತು. ಆ ಆ್ಯಪ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ಕಳೆದುಹೋದ ಫೋನು ಬ್ಲಾಕ್ ಮಾಡಲು ನಾನೇ ಎಷ್ಟೋ ಜನರಿಗೆ ಹಾಕಿಕೊಟ್ಟಿದ್ದೇನೆ. ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿ ಹಣ ಕಿತ್ತುಕೊಂಡ ಮೇಲೆ ನಡುಗುತ್ತಾ ಬಂದ ನಿವೃತ್ತ ಮೇಷ್ಟ್ರನ್ನು ಕೂರಿಸಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಿಕೊಟ್ಟವಳೂ ನಾನೇ. ಬೇಕಾದವರು ಕೇಳಿ ಹಾಕಿಸಿಕೊಳ್ಳಲಿ.

ಮಾಹಿತಿ ಹಕ್ಕಿನ ಬಗ್ಗೆ ಬರೆಯದಿದ್ದರೆ ಈ ಪತ್ರ ಅರ್ಧ ಆಗುತ್ತದೆ. 2012ರಲ್ಲಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಬಗ್ಗೆ ಸುಪ್ರೀಂ ಕೋರ್ಟಿಗೆ ಹೋದರು. ಅದರಿಂದಲೇ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳು ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದರು. ಆ ಹಕ್ಕನ್ನು ಕಾಯಲು ಅಂತ 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂತು. ಕಂಪನಿ ತಪ್ಪು ಮಾಡಿದರೆ 250 ಕೋಟಿಯವರೆಗೆ ದಂಡ. ಸರ್ಕಾರ ಮಾತ್ರ ತನ್ನದೇ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳಬಹುದು. ಅದೇ ಕಾಯ್ದೆ ಮಾಹಿತಿ ಹಕ್ಕಿನ ಕಾಯ್ದೆಯನ್ನೂ ತಿದ್ದಿತು. ಮೊದಲು ವೈಯಕ್ತಿಕ ಮಾಹಿತಿ ಅಂದರೂ ಸಾರ್ವಜನಿಕ ಕೆಲಸಕ್ಕೆ ಸಂಬಂಧ ಇದ್ದರೆ ಕೊಡಬೇಕಿತ್ತು. ಈಗ ವೈಯಕ್ತಿಕ ಎಂದು ಬರೆದು ಅರ್ಜಿ ವಾಪಸ್ ಕಳಿಸುವುದು ಸುಲಭ. ಹಿತಾಸಕ್ತಿ ದೊಡ್ಡದಿದ್ದರೆ ಕೊಡಬಹುದು ಎನ್ನುವ ಇನ್ನೊಂದು ಸಾಲು ಕಾಯ್ದೆಯಲ್ಲಿ ಉಳಿದಿದೆ ಎಂದು ಸರ್ಕಾರ ಹೇಳುತ್ತದೆ. ಆ ಸಾಲನ್ನು ಹಿಡಿದು ಮೇಲ್ಮನವಿ ಹಾಕುತ್ತಾ ಹೋಗಲು ದಿನಗೂಲಿಯವರಿಗೆ ಪುರುಸೊತ್ತು ಎಲ್ಲಿದೆ? ಧಕ್ಕೆಯ ಗುತ್ತಿಗೆದಾರ ಯಾರು, ಬಿಲ್ಲಿಗೆ ಸಹಿ ಹಾಕಿದ ಎಂಜಿನಿಯರ್ ಯಾರು ಎಂದು ಆ ಹುಡುಗ ಇವತ್ತು ಕೇಳಿದರೆ ಹಾಗೆ ಉತ್ತರ ಬರಬಾರದು. ಅವನ ಹೆಸರು ನನ್ನ ಪುಸ್ತಕದಿಂದ ಒಂದು ನಿಮಿಷಕ್ಕೆ ಸಿಕ್ಕಿತ್ತು.

ಹಾಗಾದರೆ ಏನು ಮಾಡಬೇಕು ಎಂದು ನೀವು ಕೇಳಬಹುದು. ಸಂಸದರೇ, ಕದ್ದಾಲಿಕೆಗೆ ಮೊದಲು ಒಬ್ಬ ನ್ಯಾಯಾಧೀಶರ ಸಹಿ ಬೇಕು ಎಂದು ಕಾನೂನಿಗೆ ಸೇರಿಸಿ. ಮನೆ ಶೋಧಿಸಲು ಕೋರ್ಟಿನಿಂದ ವಾರಂಟ್ ತರುವ ಪದ್ಧತಿ ಇದೆ, ಮನೆಗಿಂತ ಜಾಸ್ತಿ ವಿಷಯ ಈಗ ಫೋನಿನಲ್ಲಿದೆ. ಆಮೇಲೆ, ತನಿಖೆ ಮುಗಿದ ಮೇಲೆ, ದೇಶಕ್ಕೆ ಅಪಾಯ ಇಲ್ಲ ಎಂದು ಖಚಿತವಾದ ಮೇಲೆ, ಆ ವ್ಯಕ್ತಿಗೆ ಒಂದು ಕಾಗದ ಹೋಗಲಿ: ಇಂಥ ದಿನದಿಂದ ಇಂಥ ದಿನದವರೆಗೆ ನಿಮ್ಮ ಫೋನು ಕೇಳಿದ್ದೇವೆ. ಇದು ನಾನು ಕಂಡ ಕನಸೇನೂ ಅಲ್ಲ. ಅಮೆರಿಕದಲ್ಲಿ 1968ರ ಕಾನೂನಿನ ಪ್ರಕಾರ ಅಪರಾಧ ತನಿಖೆಯ ಕದ್ದಾಲಿಕೆ ಮುಗಿದು 90 ದಿನದ ಒಳಗೆ ಹೀಗೆ ತಿಳಿಸಬೇಕು, ತಡ ಮಾಡಬೇಕಾದರೆ ನ್ಯಾಯಾಧೀಶರಿಗೆ ಕಾರಣ ತೋರಿಸಬೇಕು. ಜರ್ಮನಿಯಲ್ಲೂ ಆಮೇಲೆ ತಿಳಿಸುವ ನಿಯಮ ಇದೆ. ವರ್ಷಕ್ಕೆ ಎಷ್ಟು ಆದೇಶ ಹೊರಟಿತು ಎನ್ನುವ ಬರೀ ಸಂಖ್ಯೆಯನ್ನಾದರೂ ಸಂಸತ್ತಿನ ಮುಂದೆ ಇಡಿ, ಅದರಿಂದ ಯಾವ ಶತ್ರುವಿಗೂ ಲಾಭ ಇಲ್ಲ. ಸಂಸತ್ತಿನಲ್ಲಿ ಶುಕ್ರವಾರ ಮಧ್ಯಾಹ್ನ ಖಾಸಗಿ ಸದಸ್ಯರ ಮಸೂದೆಗೆ ಅಂತಲೇ ಸಮಯ ಇರುತ್ತದೆ. ಒಂದು ಶುಕ್ರವಾರ ನಮಗಾಗಿ ಎದ್ದು ನಿಲ್ಲಿ. ಶಾಸಕರೇ, ಸುಳ್ಳು ಸುದ್ದಿಯ ಮಸೂದೆ ಮತ್ತೆ ಬಂದರೆ ಅದರ ಕನ್ನಡ ಪ್ರತಿ ಮೊದಲೇ ಪಂಚಾಯತಿಗಳಲ್ಲಿ ಸಿಗುವ ಹಾಗೆ ಮಾಡಿ. ಪ್ರತಿ ಬೇಕಾದರೆ ನಾನೇ ಬಿಟ್ಟಿ ತೆಗೆದುಕೊಡುತ್ತೇನೆ.

ಈ ಪತ್ರ ಬರೆಯುವ ಮೊದಲು, ಕಳೆದ ಭಾನುವಾರ, ನಾನು ಆ ಹುಡುಗನ ಮನೆಗೆ ಹೋಗಿದ್ದೆ. ಅವನು ಈಗ ಊರಲ್ಲಿಲ್ಲ, ಗೋವಾದಲ್ಲಿ ಕೆಲಸ. ಅಪ್ಪ ಅಂಗಳದಲ್ಲಿ ಬಲೆ ಹರವಿಕೊಂಡು ಕೂತಿದ್ದರು. ಅವತ್ತು ಪುಸ್ತಕ ತೋರಿಸಿದ್ದು ನಾನೇ ಎಂದು ಹೇಳಿದೆ. ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಅವತ್ತೇ ಹೇಳಿದ್ರೆ ಹುಡುಗನ ಮೇಲೆ ನಾ ಸಿಟ್ಟು ಮಾಡ್ತಿರ್ಲಿಲ್ಲ ತಂಗಿ. ಅವನೇ ಎಲ್ಲಾದ್ರೂ ಬಾಯಿ ಬಿಟ್ಟಿದ್ದಾನೆ ಅಂತ ಬೈದಿದ್ದೆ" ಅಂದರು. ಫೋನು ತೆಗೆದು ಮಗನಿಗೆ ಹಚ್ಚಿ ನನ್ನ ಕೈಗೆ ಕೊಟ್ಟರು. ಅವನಿಗೂ ಹೇಳಿದೆ.

ನಿಮ್ಮ ಉತ್ತರಕ್ಕೆ ಕಾಯುತ್ತೇನೆ. ಬಂದ ಉತ್ತರವನ್ನು ಅಂಗಡಿಯ ಬಾಗಿಲಿಗೆ ಅಂಟಿಸುತ್ತೇನೆ, ಎಲ್ಲರೂ ಓದಲಿ.

ಇಂತಿ ನಿಮ್ಮ ಮತದಾರಳು,
ಕುಮಟಾ